ಕೌದಿಯ ಮೂಲೆಯೊಳಗಿನ ಗಂಟು

ನಮ್ಮ ಮನೆತನದಲ್ಲಿ ನನ್ನ ಬಗ್ಗೆ ಒಂದು ಕಥೆ ಇದೆ. ತಿಕೋಟಾದ ಮನೆಯಲ್ಲಿ ನಾಲ್ಕು ಜನ ಹೆಂಗಸರು ರೊಟ್ಟಿ ಬಡಿಯಲು ಕೂತರೆ ಸಾಕು, ಅದು ಹೊರಗೆ ಬರುತ್ತದೆ. ಕಸ್ತೂರಿಗೆ ಹತ್ತು ವರ್ಷವಾಗಿದ್ದಾಗ ಮೈಮೇಲೆ ಗುಳ್ಳೆ ಎದ್ದವು, ಯಾವ ಔಷಧಕ್ಕೂ ಬಗ್ಗಲಿಲ್ಲ, ಕಡೆಗೆ ಊರ ಹೊರಗಿನ ದುರ್ಗವ್ವ ಅವಳ ಕನಸಿನಲ್ಲಿ ಬಂದು ಸಣ್ಣ ಸೊಸೆಯ ಕೈಯಿಂದ ಐದು ಮಂಗಳವಾರ ಕಡಬು ಬೇಡಿದಳು, ಕೊಟ್ಟರು, ಗುಳ್ಳೆ ಹೋದವು. ಇಷ್ಟು ಕಥೆ. ಹೇಳುವವರು ಬದಲಾದಂತೆ ದುರ್ಗವ್ವನ ಸೀರೆಯ ಬಣ್ಣ ಬದಲಾಗುತ್ತದೆ, ಒಬ್ಬರ ಬಾಯಲ್ಲಿ ಅವಳು ಹುಲಿಯ ಮೇಲೂ ಬಂದದ್ದುಂಟು. ನಾನು ಯಾವ ಮಾತನ್ನೂ ಹೇಳಿದ ಹಾಗೆಯೇ ನುಂಗುವವಳಲ್ಲ ಎಂಬುದು ನನ್ನನ್ನು ಬಲ್ಲವರಿಗೆಲ್ಲ ಗೊತ್ತು. ಏಳನೆಯ ತರಗತಿಯ ಆಚೆಗೆ ನನ್ನನ್ನು ಯಾರೂ ಕಳುಹಿಸಲಿಲ್ಲ. ಮದುವೆಯಾಗಿ ವಿಜಯಪುರಕ್ಕೆ ಬಂದ ಮೇಲೆ ಗ್ರಂಥಾಲಯದಿಂದ ಪುಸ್ತಕ ತಂದು, ಅಡುಗೆಯ ಒಲೆಯ ಮುಂದೆ ಓದಿ, ತಿಳಿಯದಿದ್ದರೆ ಮತ್ತೆ ಓದಿ ಕಲಿತವಳು ನಾನು. ಹಾಗೆ ಕಲಿತವರಿಗೆ ಒಂದು ಕೆಟ್ಟ ಅಭ್ಯಾಸ ಅಂಟಿಕೊಳ್ಳುತ್ತದೆ: ಯಾರು ಏನು ಹೇಳಿದರೂ, ಅದನ್ನು ನೀವು ಹೇಗೆ ತಿಳಿದಿರಿ ಎಂದು ಕೇಳುವುದು. ಸ್ವಾಮಿಗಳನ್ನೂ ಕೇಳಿದ್ದೇನೆ, ಡಾಕ್ಟರರನ್ನೂ ಕೇಳಿದ್ದೇನೆ. ಆದರೆ ನನ್ನದೇ ಆದ ಈ ಕಥೆಯ ಎದುರು ಐವತ್ತು ವರ್ಷಕ್ಕೂ ಮಿಕ್ಕಿ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಯಾಕೆಂಬುದನ್ನು ಬರೆಯಲು ಅನುಮತಿ ಈಚೆಗೆ ಸಿಕ್ಕಿದೆ.

ತಿಕೋಟಾದ ನಮ್ಮ ಮನೆ ಮಣ್ಣಿನ ಮಾಳಿಗೆಯದು. ಬೀದಿಯ ಬಾಗಿಲು ದಾಟಿದರೆ ದನಗಳು, ಅವನ್ನು ದಾಟಿದರೆ ಮೆಟ್ಟಿಲೆತ್ತರದ ಪಡಸಾಲೆ, ಅದರಾಚೆ ನಡುಮನೆ, ನಡುಮನೆಯ ಎಡಕ್ಕೆ ಅಡುಗೆಮನೆ, ಬಲಕ್ಕೆ ಕಾಳಿನ ಕೋಣೆ. ಗೋಡೆಗಳು ಎರಡು ಮೊಳ ದಪ್ಪ. ಒಳಕೋಣೆಗಳಿಗೆಲ್ಲ ಮಾಳಿಗೆಯಲ್ಲಿ ಕೊರೆದ ಬೆಳಕಿಂಡಿಯಿಂದ ತಾಟಿನಷ್ಟು ಬೆಳಕು ಬೀಳುತ್ತಿತ್ತು. ಆಯಿ, ಅಂದರೆ ನನ್ನ ಅಪ್ಪನ ತಾಯಿ, ನಡುಮನೆಯ ಕಂಬಕ್ಕೆ ಬೆನ್ನು ಕೊಟ್ಟು ಕೂಡುತ್ತಿದ್ದಳು. ಅಲ್ಲಿಂದ ಅವಳಿಗೆ ಅಡುಗೆಮನೆಯೂ ಕಾಣುತ್ತಿತ್ತು, ಪಡಸಾಲೆಯೂ ಕಾಣುತ್ತಿತ್ತು. ಯಾರ ತಾಟಿಗೆ ಬಿಸಿ ರೊಟ್ಟಿ, ಯಾರಿಗೆ ಬೆಳಗಿನದು, ಬೆಣ್ಣೆಯ ಉಂಡೆ ಎಷ್ಟು ದೊಡ್ಡದು ಎಂಬುದು ಅವಳ ಹುಬ್ಬಿನಿಂದ ತೀರ್ಮಾನವಾಗುತ್ತಿತ್ತು. ಗಂಡಸರ ಊಟವಾದ ಮೇಲೆ ಮಕ್ಕಳು, ಆಮೇಲೆ ಅವ್ವ, ಎಲ್ಲರಿಗಿಂತ ಹಿಂದೆ ನೀಲವ್ವ ಕಾಕಿ. ನೀಲವ್ವ ನನ್ನ ಕಾಕಾನ ಹೆಂಡತಿ, ಬಬಲೇಶ್ವರದವಳು. ನಾನು ಏಳು ವರ್ಷದವಳಿದ್ದಾಗ ಬಂದಳು. ಮೂರು ವರ್ಷವಾದರೂ ಅವಳ ಮಡಿಲು ತುಂಬಿರಲಿಲ್ಲ. ಅದಕ್ಕೇ ಇರಬೇಕು, ನನ್ನ ತಲೆ ಹಿಕ್ಕಿ ಜಡೆ ಹಾಕುವುದು, ಶಾಲೆಯ ಚೀಲಕ್ಕೆ ಗುಂಡಿ ಹಚ್ಚುವುದು, ತನ್ನ ತಾಟಿನ ಬೆಣ್ಣೆಯನ್ನು ಆಯಿಗೆ ಕಾಣದಂತೆ ನನ್ನ ರೊಟ್ಟಿಯ ಅಡಿಗೆ ಸೇರಿಸುವುದು, ಎಲ್ಲ ಅವಳೇ ಮಾಡುತ್ತಿದ್ದಳು.

ಅವಳ ಕೈಯ ಕೌದಿ ಓಣಿಗೆಲ್ಲ ಹೆಸರಾಗಿತ್ತು. ಹಳೆಯ ಸೀರೆ, ಧೋತರ, ಹರಿದ ಕುಪ್ಪಸಗಳನ್ನು ಚೌಕ ಚೌಕವಾಗಿ ಕತ್ತರಿಸಿ, ಒಂದರ ಮೇಲೊಂದು ಹಾಸಿ, ಜೋಳದ ಸಾಲಿನಂಥ ಹೊಲಿಗೆ ಹಾಕುತ್ತ ಹೋಗುವಳು. ಅವಳ ತವರಿನ ಪದ್ಧತಿಯಂತೆ ಕೊನೆಯ ಮೂಲೆಯನ್ನು ಮುಚ್ಚುವ ಮೊದಲು ಅದರೊಳಗೆ ಒಂದು ಚೂರು ರೊಟ್ಟಿ ಇಡಬೇಕು; ಹಸಿದ ಕೌದಿ ಹೊದ್ದವರ ನಿದ್ದೆಯನ್ನು ತಿನ್ನುತ್ತದಂತೆ. ಆ ವರ್ಷ ಚಳಿ ಶುರುವಾಗುವಾಗ ನನಗೆಂದೇ ಒಂದು ಹೊಲಿದಳು. ಅಲ್ಲಿಯವರೆಗೆ ನನಗೆಂದೇ ಆ ಮನೆಯಲ್ಲಿ ಏನೂ ಇರಲಿಲ್ಲ. ನಾನು ಅದನ್ನು ತಲೆಯವರೆಗೆ ಎಳೆದುಕೊಂಡು, ಎಡಮಗ್ಗುಲಾಗಿ ಮಲಗಿ, ಅದರ ಮೂಲೆಯನ್ನು ಬಲಗೈಯಲ್ಲಿ ಹಿಡಿದು ಕೆನ್ನೆಯ ಅಡಿಗೆ ಇಟ್ಟುಕೊಳ್ಳುತ್ತಿದ್ದೆ. ಮೂಲೆಯಲ್ಲಿ ಒಂದು ಗಟ್ಟಿ ಗಂಟು ಬೆರಳಿಗೆ ಸಿಗುತ್ತಿತ್ತು. ರೊಟ್ಟಿಯ ಚೂರು ಒಣಗಿ ಹಾಗಾಗಿದೆ ಎಂದುಕೊಂಡು ಅದನ್ನು ಒತ್ತುತ್ತ, ಉರುಳಿಸುತ್ತ ನಿದ್ದೆ ಹೋಗುತ್ತಿದ್ದೆ.

ಗುಳ್ಳೆ ಮೊದಲು ಎದ್ದದ್ದು ಎಡಗೆನ್ನೆಯ ಮೇಲೆ. ಎರಡು ದಿನದಲ್ಲಿ ಕತ್ತಿಗೆ ಇಳಿಯಿತು, ಬಲಗೈಯ ಬೆರಳುಗಳ ಸಂದಿಗೆ ಬಂತು. ಸಾಸಿವೆಯಷ್ಟು ಸಣ್ಣ, ನೀರು ತುಂಬಿದ ಗುಳ್ಳೆಗಳು. ಕೆರೆದರೆ ಒಡೆದು ಕೆಂಡ ತಾಗಿದ ಹಾಗೆ ಉರಿ, ಆರಿದ ಮೇಲೆ ಕಪ್ಪು ಕಲೆ. ಮನೆಯಲ್ಲಿ ಪ್ರತಿಯೊಬ್ಬರ ಬಳಿಯೂ ಒಂದು ಕಾರಣವಿತ್ತು, ಪ್ರತಿ ಕಾರಣಕ್ಕೂ ನನ್ನಿಂದ ಒಂದು ವಸ್ತು ಕಿತ್ತುಕೊಳ್ಳಲಾಗುತ್ತಿತ್ತು. ಅವ್ವ ಬದನೆಕಾಯಿ ನಂಜು ಎಂದಳು, ಬದನೆಕಾಯಿ ಹೋಯಿತು. ಆಮೇಲೆ ಶೇಂಗಾ ಹಿಂಡಿ ಹೋಯಿತು, ಹುಣಸೆ ಹೋಯಿತು, ಪುಂಡಿಪಲ್ಯ ಹೋಯಿತು. ಅಪ್ಪ ಬಾವಿಯ ನೀರಿನ ಮೇಲೆ ಸಂಶಯಪಟ್ಟ, ಬಾವಿಯ ಕಟ್ಟೆಗೆ ಹೋಗಿ ಗೆಳತಿಯರೊಂದಿಗೆ ಆಡುವುದು ಹೋಯಿತು. ಮಾಸ್ತರರು ಅಂಟುರೋಗವಿರಬಹುದು ಎಂದು ಹೇಳಿಕಳುಹಿಸಿದ ಮೇಲೆ ಶಾಲೆಯೂ ಹೋಯಿತು. ನನ್ನ ತಾಟಿನಲ್ಲಿ ಉಳಿದದ್ದು ನುಚ್ಚು ಮತ್ತು ಮಜ್ಜಿಗೆ.

ಆಗ ಅಪ್ಪ ನನ್ನನ್ನು ವಿಜಯಪುರಕ್ಕೆ ಕರೆದೊಯ್ದು ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದ್ದ ಅತ್ತೆಯ ಮನೆಯಲ್ಲಿ ಬಿಟ್ಟ. ಅಲ್ಲಿನ ಡಾಕ್ಟರು ನನ್ನ ಬೆರಳುಗಳನ್ನು ಅಗಲಿಸಿ ನೋಡಿ ಕಜ್ಜಿ ಎಂದು ಬರೆದುಕೊಟ್ಟರು. ಗಂಧಕದ ವಾಸನೆಯ ಹಳದಿ ಮುಲಾಮು. ಎರಡು ವಾರದಲ್ಲಿ ಮೈ ಸ್ವಚ್ಛವಾಯಿತು. ಡಾಕ್ಟರು ತಮ್ಮ ಮುಲಾಮಿಗೆ, ಅತ್ತೆ ತನ್ನ ಮನೆಯ ನಳದ ನೀರಿಗೆ, ಅಪ್ಪ ತನ್ನ ತೀರ್ಮಾನಕ್ಕೆ ಕೀರ್ತಿ ತೆಗೆದುಕೊಂಡರು. ನಾನು ತಿಕೋಟಾಕ್ಕೆ ಮರಳಿದೆ, ಉಳಿದ ಮುಲಾಮಿನ ಡಬ್ಬಿಯನ್ನೂ ತಂದೆ, ದಿನಾ ಹಚ್ಚಿಕೊಂಡೆ. ಮೂರನೆಯ ದಿನ ಕೆನ್ನೆ ಮತ್ತೆ ಉರಿಯತೊಡಗಿತು. ಈ ಸಲ ಮೊದಲಿಗಿಂತ ಹೆಚ್ಚು. ಎಡಗಣ್ಣು ಊದಿ ಮುಚ್ಚಿಹೋಯಿತು.

ಆಯಿ ಕಂಬದ ಬಳಿಯಿಂದ ಎದ್ದು ಬಂದು ನನ್ನ ಗದ್ದ ಹಿಡಿದು ಬೆಳಕಿಂಡಿಯ ಕೆಳಗೆ ಮುಖ ಎತ್ತಿ ನೋಡಿದಳು.

"ಡಾಕ್ಟರಂದು ಅಲ್ಲ ಇದು. ಮೈಮ್ಯಾಲ ತಾಯಿ ಬಂದಾಳ. ಔಷಧ ಹಚ್ಚಿ ಅಕಿನ್ನ ಸಿಟ್ಟಿಗೆಬ್ಬಿಸೀರಿ. ಇನ್ನ ಯಾರೂ ಏನೂ ಹಚ್ಚಬ್ಯಾಡ್ರಿ."

ತಾಯಿ ಬಂದ ಮನೆಯ ನಿಯಮಗಳು ಕಟ್ಟುನಿಟ್ಟು. ಒಗ್ಗರಣೆ ಹಾಕಬಾರದು, ತಲೆಗೆ ನೀರು ಎರೆಯಬಾರದು, ಕಾಯಿಲೆಯವರು ಹೊಸ್ತಿಲು ದಾಟಬಾರದು, ಅವರ ಬಟ್ಟೆಯನ್ನು ಅಗಸರಿಗೆ ಹಾಕಬಾರದು. ನನ್ನನ್ನು ಕಾಳಿನ ಕೋಣೆಯಲ್ಲಿ ಇಟ್ಟರು. ಮೂರು ಕಡೆ ಜೋಳದ ಚೀಲಗಳ ಅಟ್ಟಿ, ನಡುವೆ ನಾನು ಕಾಲು ಚಾಚುವಷ್ಟು ಜಾಗ, ಬಾಗಿಲಿಗೆ ಬೇವಿನ ಸೊಪ್ಪು. ಹಿತ್ತಿಲ ಕಡೆಗೆ ಗೇಣಗಲದ ಒಂದು ಕಿಂಡಿ. ಅದರಿಂದ ತಿಪ್ಪೆಯೂ ಬಟ್ಟೆ ಒಗೆಯುವ ಕಲ್ಲೂ ಕಾಣುತ್ತಿದ್ದವು. ಮಾಳಿಗೆಯ ಬೆಳಕಿಂಡಿಯಿಂದ ಬಿದ್ದ ದುಂಡನೆಯ ಬಿಸಿಲು ಬೆಳಿಗ್ಗೆ ಪಡುವಣ ಗೋಡೆಯ ಮೇಲಿದ್ದು, ಚೀಲಗಳನ್ನು ಒಂದೊಂದಾಗಿ ಹತ್ತಿಳಿದು, ಸಂಜೆ ಮೂಡಣ ಗೋಡೆಯಲ್ಲಿ ಆರುತ್ತಿತ್ತು. ಅದನ್ನು ಬಿಟ್ಟರೆ ಅಲ್ಲಿ ಏನೂ ಚಲಿಸುತ್ತಿರಲಿಲ್ಲ. ಹೊದೆಯಲು ನನ್ನ ಕೌದಿಯನ್ನು ಜೊತೆಗೆ ಕೊಟ್ಟಿದ್ದರು. ಇಡೀ ಮನೆಯಲ್ಲಿ ನನ್ನ ಕಡೆಗಿದ್ದ ವಸ್ತು ಅದೊಂದೇ ಎಂದು ಅದನ್ನು ಮತ್ತಷ್ಟು ಬಿಗಿಯಾಗಿ ಅಪ್ಪಿಕೊಂಡು ಮಲಗುತ್ತಿದ್ದೆ.

ನಡುಮನೆಯ ಮಾತು ಗೋಡೆಯ ಈಚೆಗೆ ಬಾವಿಯೊಳಗಿನ ದನಿಯಂತೆ ಕೇಳುತ್ತಿತ್ತು. ಒಂದು ಮಧ್ಯಾಹ್ನ ಅವ್ವ ಮತ್ತು ಆಯಿ ಕಾಳು ಹಸನು ಮಾಡುತ್ತ ಕೂತಿದ್ದರು.

"ತಾಯಿ ಸುಮ್ಮ ಬರ್ತಾಳೇನು? ಯಾರದರ ಕಣ್ಣು ಬಿದ್ದ ಮನಿಗೇ ಬರ್ತಾಳ," ಎಂದಳು ಆಯಿ.

"ಯಾರ ಕಣ್ಣು ಅಂತೀರಿ, ಅತ್ತಿ?"

"ಮಕ್ಕಳಿಲ್ಲದಾಕಿ ಮಂದಿ ಮಗಳ ತಲಿ ದಿನಾ ಹಿಕ್ಕತಾಳ. ಬೆಣ್ಣಿ ಕದ್ದು ತಿನಸ್ತಾಳ. ನಾ ನೋಡಿಲ್ಲ ಅಂದ್ಕೊಂಡಾಳ."

ಅವ್ವ ಮೊರ ಕೇರಿದ ಸದ್ದು ಕೇಳಿತು. ಆಮೇಲೆ ಅವಳು ಹೇಳಿದ ಮಾತನ್ನು ನಾನು ಇಂದಿಗೂ ಕ್ಷಮಿಸಿಲ್ಲ, ಆದರೆ ಈಗ ಅರ್ಥ ಮಾಡಿಕೊಳ್ಳಬಲ್ಲೆ.

"ಪ್ಯಾಟಿಗೆ ಹೋದಾಗ ಆರಾಮ ಆಗಿತ್ತು ನೋಡ್ರಿ. ಇಲ್ಲಿಗೆ ಬಂದ ಕೂಡ್ಲೇ ಮತ್ತ ಎದ್ದೈತಿ. ಅಲ್ಲಿ ನೀಲವ್ವ ಇರಲಿಲ್ಲ."

"ಅದನ್ನ ನಾ ಹೇಳಾಕತ್ತೇನಿ. ಬರೂ ಸೋಮವಾರ ಅಕಿ ಅಣ್ಣಗ ಹೇಳಿಕಳಸ್ತೇನಿ. ಬಂದು ಕರಕೊಂಡು ಹೋಗ್ಲಿ. ಹೋದ ಮ್ಯಾಲ ನನ್ನ ಮಗಗ ಬ್ಯಾರೆ ಹೆಣ್ಣು ನೋಡಿದ್ರಾತು."

ಅವ್ವನ ತರ್ಕದಲ್ಲಿ ತಪ್ಪಿರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಪೇಟೆಯಲ್ಲಿ ಗುಳ್ಳೆ ಹೋದದ್ದು ನಿಜ, ಮನೆಯಲ್ಲಿ ಮರಳಿದ್ದು ನಿಜ, ಕಾಕಿ ಅಲ್ಲಿರಲಿಲ್ಲ ಎಂಬುದೂ ನಿಜ. ಆ ಸಂಜೆ ಕಾಕಿ ಬಾಗಿಲ ಹೊರಗೆ ಕೂತು ನುಚ್ಚಿನ ಬಟ್ಟಲನ್ನು ಒಳಗೆ ತಳ್ಳಿದಳು. ಅವಳು ಒಳಗೆ ಬರಕೂಡದೆಂದು ಆಗಲೇ ಆಜ್ಞೆಯಾಗಿತ್ತು.

"ಕಾಕಿ, ನೀ ಹೋಗ್ತೀ?"

"ಎಲ್ಲಿಗೆ ಹೋಗ್ಲಿ ಯವ್ವಾ? ಬಬಲೇಶ್ವರದಾಗ ನನ್ನ ಅಣ್ಣನ ಹೆಂಡತಿ ನೆಟ್ಟಗ ನೀರು ಕೊಡೂದಿಲ್ಲ." ಆಮೇಲೆ ದನಿ ತಗ್ಗಿಸಿ, "ನಿನಗ ಆರಾಮಾದ್ರ ಸಾಕು. ಸೋಮವಾರದೊಳಗ ಆರಾಮ ಆಗ ನೋಡು, ಹುಚ್ಚಿ," ಎಂದು ನಗಲು ಹೋಗಿ ನಗದೆ ಎದ್ದುಹೋದಳು.

ಸೋಮವಾರಕ್ಕೆ ಆರು ದಿನ ಉಳಿದಿದ್ದವು. ಅವ್ವ ತೋರಿಸಿದ ದಾರಿಯಲ್ಲೇ ನಾನೂ ಯೋಚಿಸತೊಡಗಿದೆ: ಪೇಟೆಯಲ್ಲಿ ಇಲ್ಲದ್ದು ಇನ್ನೇನೇನು? ಗೋಡೆಯ ಮಣ್ಣು, ದನ, ಬಾವಿ, ಜೋಳದ ಧೂಳು, ಆಯಿ. ಒಂದೊಂದನ್ನೂ ತೂಗಿ ನೋಡಿದೆ. ಧೂಳಾಗಿದ್ದರೆ ಮೈಯೆಲ್ಲ ಏಳಬೇಕಿತ್ತು. ಎದ್ದದ್ದು ಎಡಗೆನ್ನೆ, ಕತ್ತು, ಬಲಗೈ ಮಾತ್ರ. ಉತ್ತರ ಬಂದದ್ದು ಅವ್ವನಿಂದಲೇ, ಅವಳಿಗೇ ತಿಳಿಯದೆ. ಕೌದಿಯ ತಲೆಯ ಕಡೆ ಗುಳ್ಳೆಯ ನೀರಿಗೆ ನಾತ ಹಿಡಿದಿತ್ತು. ಒಗೆಯಲು ಹಾಕುವಂತಿಲ್ಲ. ಆದ್ದರಿಂದ ಅವಳು ಅದನ್ನು ಜಾಡಿಸಿ, ತಲೆಯ ಕಡೆ ಕಾಲಿಗೆ, ಕಾಲಿನ ಕಡೆ ತಲೆಗೆ ಬರುವಂತೆ ತಿರುಗಿಸಿ ಹಾಕಿದಳು. ಎರಡು ದಿನ ಕಳೆಯುವುದರೊಳಗೆ ಕೆನ್ನೆಯ ಉರಿ ತಗ್ಗಿತು, ಕಣ್ಣು ತೆರೆಯಿತು. ಪಾದಗಳ ಮೇಲೆ, ಹರಡಿನ ಸುತ್ತ, ಹೊಸ ಗುಳ್ಳೆಗಳು ಎದ್ದವು. ತಾಯಿ ಇಳಿಯಾಕತ್ತಾಳ ಎಂದು ಆಯಿ ಸಂತೋಷಪಟ್ಟಳು. ನಾನು ಕೌದಿಯನ್ನು ದುರುಗುಟ್ಟಿ ನೋಡುತ್ತ ಕೂತೆ.

ನಾನು ಅದನ್ನು ಕೂಡಲೇ ಬಿಚ್ಚಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು. ಒಂದು ಇಡೀ ದಿನ, ಆ ದುಂಡು ಬಿಸಿಲು ಗೋಡೆಯಿಂದ ಗೋಡೆಗೆ ಹೋಗುವವರೆಗೆ, ಕಾಲು ಮಡಿಸಿಕೊಂಡು ಚೀಲಕ್ಕೆ ಒರಗಿ ಕೂತಿದ್ದೆ. ಹಿತ್ತಿಲಲ್ಲಿ ಅಗಸರ ಚಂದ್ರವ್ವ ಮನೆಯವರ ಬಟ್ಟೆಗಳಿಗೆ ಗುರುತು ಹಾಕುತ್ತಿದ್ದಳು. ಸೂಜಿಯನ್ನು ಒಂದು ಕಪ್ಪು ಬೀಜಕ್ಕೆ ಚುಚ್ಚಿ, ಅದರ ರಸದಿಂದ ಅಂಗಿಯ ಕೊರಳಿನ ಒಳಗೆ ಎರಡು ಗೆರೆ, ಒಂದು ಚುಕ್ಕೆ. ಎಷ್ಟು ಒಗೆದರೂ ಹೋಗದ ಮಸಿ. ಕಿಂಡಿಯಲ್ಲಿ ನನ್ನ ಮುಖ ಕಂಡು ನಕ್ಕಳು.

"ಏನ ಕೂಸ, ಚೀಲದಾಗಿನ ಇಲಿ ಹಂಗ ಇಣಕತೀ?"

"ಚಂದ್ರವ್ವಾ, ಅದೇನದು?"

"ಕ್ಯಾರಬೀಜ. ಬಾಗಲಕ್ಕ ನಿಂಬಿಹಣ್ಣು, ಮೆಣಸಿನಕಾಯಿ ಸಂಗಾಟ ಪೋಣಸ್ತಾರಲ್ಲ, ಅದು. ನೋಡಾಕ ಗರೀಬ ಕಾಣತೈತಿ. ಚುಚ್ಚಿದ ಮ್ಯಾಲ ಅದರ ಎಣ್ಣಿ ಮೈಗೆ ಹತ್ತಿತಂದ್ರ ಮುಗೀತು, ಬೊಬ್ಬಿ ಏಳತಾವ. ನನ್ನ ಕೈಗೆ ರೂಢಿ ಆಗೇತಿ, ನನ್ನ ಸೊಸಿಗೆ ಮುಟ್ಟಾಕ ಬರೂದಿಲ್ಲ."

"ಎಂಥಾ ಬೊಬ್ಬಿ?"

ಅವಳು ಸೂಜಿ ನಿಲ್ಲಿಸಿ ನನ್ನ ಕೈಬೆರಳುಗಳನ್ನು ನೋಡಿದಳು. ಏನೋ ಹೇಳಲು ಬಾಯಿ ತೆರೆದು, ನಡುಮನೆಯ ಕಡೆ ಕಣ್ಣು ಹಾಯಿಸಿ, ಬಟ್ಟೆ ಗಂಟು ಕಟ್ಟಿಕೊಂಡು ಹೊರಟುಬಿಟ್ಟಳು. ದೊಡ್ಡವರ ಮನೆಯಲ್ಲಿ ತಾಯಿ ಬಂದಾಳ ಎಂದ ಮೇಲೆ ಅಲ್ಲವೆನ್ನಲು ಅವಳಿಗೆ ಏನು ಬಿದ್ದಿತ್ತು?

ಜೋಳದ ಚೀಲ ಹೊಲಿಯುವ ದಬ್ಬಣ ಅಟ್ಟಿಯ ಮೇಲಿನ ಚೀಲಕ್ಕೇ ಚುಚ್ಚಿತ್ತು. ಅದರಿಂದ ಗಂಟಿದ್ದ ಮೂಲೆಯ ಹೊಲಿಗೆ ಬಿಚ್ಚಿದೆ. ಮೊದಲು ಸಿಕ್ಕಿದ್ದು ಕಪ್ಪಿಟ್ಟ ಅರಿವೆ. ಅದರ ಪದರದೊಳಗೆ, ಉರುಳದಿರಲೆಂದು ನಡುವೆ ದಾರ ಪೋಣಿಸಿದ, ಹೃದಯದ ಆಕಾರದ ಒಂದು ಕೇರುಬೀಜ. ಪಕ್ಕದಲ್ಲಿ ರೊಟ್ಟಿಯ ಚೂರೂ ಇತ್ತು, ಪುಡಿಯಾಗಿ. ಅದೇ ಬದಿಯ ಇನ್ನೊಂದು ಮೂಲೆ ಮುಟ್ಟಿದೆ, ಅಲ್ಲಿಯೂ ಗಂಟು. ಅಲ್ಲಿನ ದಾರ ಇನ್ನೂ ಬೆಳ್ಳಗಿತ್ತು, ಹೊಲಿಗೆ ಅವಸರದ್ದು. ಅದು ನಾನು ಪೇಟೆಗೆ ಹೋಗುವ ಮೊದಲಿನ ಹೊಲಿಗೆಯಲ್ಲ; ಬಿಚ್ಚಿದರೆ ಅಲ್ಲಿಯೂ ಅಂಥದೇ ಬೀಜ. ಕಾಕಿ ನನ್ನ ಮೇಲೆ ಕೆಟ್ಟ ಕಣ್ಣು ಬೀಳದಿರಲೆಂದು ಒಂದನ್ನು ಇಟ್ಟಿದ್ದಳು. ಗುಳ್ಳೆ ಎದ್ದದ್ದು ಕಂಡು, ಒಂದು ಸಾಲದಾಯಿತೆಂದು ಇನ್ನೊಂದನ್ನು ಸೇರಿಸಿದ್ದಳು.

ಕಾರಣ ಸಿಕ್ಕಿತು ಎಂಬ ಹಿಗ್ಗು ನನಗೆ ಎಷ್ಟು ಹೊತ್ತು ಇತ್ತೆಂದರೆ, ಬಾಗಿಲ ಕಡೆ ತಿರುಗಿ "ಅವ್ವಾ" ಎಂದು ಕೂಗಲು ಉಸಿರು ಎಳೆದುಕೊಳ್ಳುವಷ್ಟು. ಎಳೆದ ಉಸಿರು ಅಲ್ಲೇ ನಿಂತಿತು. ಮಕ್ಕಳಿಲ್ಲದ ಸೊಸೆಯೊಬ್ಬಳು, ಭಾವನಿಗೆ ಹುಟ್ಟಿದ ಕೂಸಿನ ಹಾಸಿಗೆಯ ಮೂಲೆಯಲ್ಲಿ, ಯಾರಿಗೂ ಹೇಳದೆ, ದಾರ ಚುಚ್ಚಿದ ಕಪ್ಪು ಬೀಜ ಹೊಲಿದಿದ್ದಾಳೆ. ಇದನ್ನು ನಮ್ಮ ಓಣಿಯಲ್ಲಿ ಏನೆಂದು ಕರೆಯುತ್ತಾರೆ ಎಂಬುದು ಹತ್ತು ವರ್ಷದವಳಿಗೂ ಗೊತ್ತಿತ್ತು. ಮಾಟವೆಂದರೆ ನೋಡಲು ಥೇಟು ಹೀಗೆಯೇ ಇರುತ್ತದೆ. ಆಯಿಯ ಆರೋಪಕ್ಕೆ ಇಷ್ಟು ದಿನ ಇರದಿದ್ದ ಸಾಕ್ಷಿ ನನ್ನ ಅಂಗೈಯಲ್ಲಿ, ಬೇವಿನ ಸೊಪ್ಪಿನ ಮೇಲೆ, ಕೂತಿತ್ತು. ನಾನು ನಿಜ ಹೇಳಿದರೆ ಕಾಕಿ ಸೋಮವಾರದವರೆಗೂ ಉಳಿಯುವುದಿಲ್ಲ. ಹೇಳದಿದ್ದರೆ ಸೋಮವಾರ ಹೋಗುತ್ತಾಳೆ. ಆ ಕೋಣೆ ಅವತ್ತಿನಷ್ಟು ಇಕ್ಕಟ್ಟಾಗಿ ನನಗೆ ಎಂದೂ ಕಂಡಿರಲಿಲ್ಲ. ನಿಜವೆಂಬುದು ಹೊರಗೆ ಹೋಗುವ ಬಾಗಿಲೆಂದು ಪುಸ್ತಕಗಳಲ್ಲಿ ಎಷ್ಟೋ ಸಲ ಓದಿದ್ದೇನೆ. ಬರೆದವರು ನಮ್ಮ ಕಾಳಿನ ಕೋಣೆಯಲ್ಲಿ ಕೂತವರಲ್ಲ.

ಎರಡೂ ಬೀಜಗಳನ್ನು ಸೊಪ್ಪಿನಲ್ಲಿ ಸುತ್ತಿ ಕಿಂಡಿಯಿಂದ ತಿಪ್ಪೆಗೆ ಎಸೆದೆ. ಕಪ್ಪಿಟ್ಟ ಅರಿವೆಯನ್ನೂ ಕಿತ್ತೆಸೆದೆ. ಮೂಲೆಗಳನ್ನು ಮತ್ತೆ ಹೊಲಿಯಬೇಕಿತ್ತು. ದಾರಕ್ಕೆ ನಾನು ಉಟ್ಟಿದ್ದ ಪರಕಾರದ, ಅಂದರೆ ಲಂಗದ, ಅಂಚಿನಿಂದ ಎಳೆ ಬಿಡಿಸಿಕೊಂಡೆ. ಪರಕಾರ ಹಸಿರು ಬಣ್ಣದ್ದು. ಬಿಳಿ ಹೊಲಿಗೆಯ ಕೌದಿಗೆ ಎರಡು ಮೂಲೆಗಳಲ್ಲಿ ಹಸಿರು ಹೊಲಿಗೆ, ಅದೂ ದಬ್ಬಣದ್ದು. ಮರುದಿನ ಬೆಳಿಗ್ಗೆ ಆಯಿ ಬೇವು ಬದಲಿಸಲು ಬಂದಾಗ ನಾನು ಬಾಯಿ ಬಿಟ್ಟೆ.

"ಆಯಿ, ಒಬ್ಬ ಮುದುಕಿ ಬಂದಿದ್ಳು ಕನಸಿನಾಗ."

ಆಯಿಯ ಕೈ ನಿಂತಿತು. "ಎಂಥಾ ಮುದುಕಿ?"

"ಹಣಿ ತುಂಬ ಅರಿಷಿಣದ ಭಂಡಾರ ಇತ್ತು. ಸಣ್ಣ ಸೊಸಿ ಕೈಲೆ ಐದು ಮಂಗಳವಾರ ನನಗ ಕಡಬು ಮುಟ್ಟಬೇಕು ಅಂದ್ಳು."

"ಸಣ್ಣ ಸೊಸಿ ಕೈಲೇ? ದೊಡ್ಡಾಕಿ ಕೈಲೆ ಅಲ್ಲ?"

"ಅಲ್ಲ. ಸಣ್ಣಾಕಿ ಹೊಸ್ತಿಲ ದಾಟಿ ಹೋದ್ರ, ನಾ ಇಲ್ಲೇ ಕೂಡ್ತೇನಿ, ಈ ಹುಡುಗಿ ಮೈ ಬಿಟ್ಟು ಏಳೂದಿಲ್ಲ ಅಂದ್ಳು."

ಆಯಿ ನನ್ನನ್ನೇ ನೋಡಿದಳು. ಅರವತ್ತು ವರ್ಷ ಸಂತೆಯಲ್ಲಿ ಎತ್ತುಗಳ ಹಲ್ಲು ನೋಡಿದ ಕಣ್ಣು ಅದು.

"ಮೂಗಿನಾಗ ನತ್ತು ಇತ್ತೇನು? ಯಾವ ಕಡೆ ಇತ್ತು?"

ದುರ್ಗವ್ವನ ಮೂರ್ತಿಯ ನತ್ತು ಎಡಕ್ಕೋ ಬಲಕ್ಕೋ ನನಗೆ ನೆನಪಿರಲಿಲ್ಲ. ತಪ್ಪಿದರೆ ಕಾಕಿ ಹೋದ ಹಾಗೆಯೇ.

"ಸೆರಗ ಮುಚ್ಕೊಂಡಿದ್ಳು, ಆಯಿ. ಕಾಣಲಿಲ್ಲ."

ಅವಳು ಕೈಯಲ್ಲಿದ್ದ ಬೇವನ್ನು ಕೆಳಗಿಟ್ಟಳು. ಎರಡೂ ಕೆನ್ನೆ ಬಡಿದುಕೊಂಡು, "ತಪ್ಪಾತು ಯವ್ವಾ, ತಪ್ಪಾತು," ಎಂದಳು. ನನಗೆ ಕೈಮುಗಿದದ್ದೋ ನನ್ನ ಹಿಂದಿನ ಗೋಡೆಗೋ ತಿಳಿಯಲಿಲ್ಲ. ಆಯಿ ನಂಬಿದಳೇ? ಎಷ್ಟೋ ವರ್ಷ ಇದನ್ನು ಯೋಚಿಸಿದ್ದೇನೆ. ಸೊಸೆಯನ್ನು ಕಳುಹಿಸಿದ ಮನೆಯೆಂಬ ಹೆಸರು ಅವಳಿಗೂ ಬೇಡವಾಗಿದ್ದೀತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವಳಿಗಿಂತ ದೊಡ್ಡವಳೊಬ್ಬಳು ಬೇಕಾಗಿದ್ದಳು. ನನಗೆ ಗೊತ್ತಿಲ್ಲ.

ಮೂರನೆಯ ಮಂಗಳವಾರದ ಹೊತ್ತಿಗೆ ನನ್ನ ಮೈ ಸ್ವಚ್ಛವಾಗಿತ್ತು, ಬದನೆಕಾಯಿಯೂ ಮರಳಿತು. ಕಾಕಿಗೆ ಮುಂದೆ ಒಬ್ಬ ಮಗಳು ಹುಟ್ಟಿದಳು. ಅದಕ್ಕೂ ದುರ್ಗವ್ವನೇ ಕಾರಣಳಾದಳು. ಅಂದಿನಿಂದ ವರ್ಷಕ್ಕೊಮ್ಮೆ ಅವಳ ಗುಡಿಗೆ ಕಡಬಿನ ಬುಟ್ಟಿ ಹೊತ್ತು ಮುಂದೆ ನಡೆಯುವ ಪಾಳಿ ನನ್ನದೇ ಆಯಿತು. ಮದುವೆಯಾದ ಮೇಲೂ ಕರೆ ಬರುತ್ತಿತ್ತು, ಹೋಗುತ್ತಿದ್ದೆ. ಕೇರುಬೀಜದ ಎಣ್ಣೆ ಚರ್ಮವನ್ನು ಏನು ಮಾಡುತ್ತದೆ ಎಂದು ಗ್ರಂಥಾಲಯದ ಗಿಡಮೂಲಿಕೆಯ ಪುಸ್ತಕವೊಂದರಲ್ಲಿ ಓದಿದ ದಿನ ನಾನು ಹೇಳಿಕೊಳ್ಳಲು ಒಬ್ಬರೂ ಇಲ್ಲದೆ ಪುಟಕ್ಕೆ ಬೆರಳಿಟ್ಟುಕೊಂಡು ಕೂತಿದ್ದೆ. ಓಣಿಯಲ್ಲಿ ಯಾರಿಗಾದರೂ ಮೈಮೇಲೆ ತಾಯಿ ಬಂದರೆ, ಮೊದಲು ದವಾಖಾನೆಗೆ ಹೋಗಿ ಎಂದು ನಾನು ಜಗಳವಾಡಿದಾಗೆಲ್ಲ, "ನಿನ್ನ ಜೀವ ಉಳಿಸಿದಾಕಿ ಯಾರು, ಮರತ್ಯೇನು?" ಎಂದು ನನ್ನ ಅವ್ವನೇ ಬಾಯಿ ಮುಚ್ಚಿಸುತ್ತಿದ್ದಳು. ಕಾಕಿ ಆ ಮನೆಯಲ್ಲಿ ಇರುವವರೆಗೆ ನಾನು ಉತ್ತರ ಕೊಡುವ ಹಾಗಿರಲಿಲ್ಲ. ನಾನು ಕಟ್ಟಿದ ಕೋಣೆಯೊಳಗೆ ನಾನೇ ಕೂತಿದ್ದೆ. ಅವಳನ್ನು ಉಳಿಸಿದವಳು ನಾನು ಎಂಬ ಗುಪ್ತ ಹೆಮ್ಮೆಯೊಂದೇ ಅಲ್ಲಿ ನನಗಿದ್ದ ಬೆಳಕಿಂಡಿ.

ಈಗ ಆಯಿ ಇಲ್ಲ, ಅವ್ವ ಇಲ್ಲ, ಕಾಕಾ ಹೋಗಿ ಕೆಲವು ವರ್ಷಗಳಾದವು. ಕಾಕಿ ನಿಡೋಣಿಯಲ್ಲಿ ಮಗಳ ಮನೆಯಲ್ಲಿದ್ದಾಳೆ. ಹೋದ ವರ್ಷ ಹೋಗಿ, ಅವಳ ಜೊತೆ ಹಿತ್ತಿಲಲ್ಲಿ ಕೂತು, ಇದನ್ನೆಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದು ಅಳಬಹುದು ಎಂದು ನಾನು ಎಣಿಸಿದ್ದರೆ ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಅವಳು ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

"ನೀ ತಗದೀ?"

"ನಾನ ತಗದೆ, ಕಾಕಿ."

"ಹಸರ ದಾರ ನಿಂದು?"

"ಹೂಂ. ನನ್ನ ಪರಕಾರದ್ದು."

"ನಾ ಅದನ್ನ ಐದನೇ ಮಂಗಳವಾರ ನೋಡಿದೆ. ಕೌದಿ ಒಗಿಯಾಕ ತಗದಾಗ. ಮೂಲಿ ಮುಟ್ಟತೇನಿ, ಬೀಜ ಇಲ್ಲ. ಅತ್ತಿ ತಗದಾಳೋ, ನಿಮ್ಮವ್ವ ತಗದಾಳೋ, ಯಾರೋ ತಗದು ಇಟ್ಕೊಂಡಾರ, ಒಂದಿನ ಮಂದಿ ಮುಂದ ತಂದು ಇಡ್ತಾರ ಅಂತ ಅಂಜಿದೆ. ಅತ್ತಿ ಗಂಟಲ ಸರಿ ಮಾಡ್ಕೊಂಡ್ರ ಸಾಕು, ಇವತ್ತ ಹೇಳ್ತಾಳ ಅಂತಿದ್ದೆ. ಹತ್ತು ವರ್ಸ, ಕಸ್ತೂರಿ. ಅತ್ತಿ ಸತ್ತ ದಿನ ನಾ ಅತ್ತೆ, ಎಲ್ಲಾರೂ ಭಾಳ ಹಚ್ಕೊಂಡಿದ್ಳು ಅಂದ್ರು. ಆಮ್ಯಾಲ ನಿಮ್ಮವ್ವನ್ನ ಅಂಜಾಕ ಸುರು ಮಾಡಿದೆ."

ಅವಳು ಪೂರ್ತಿ ನನ್ನ ಕಡೆ ತಿರುಗಿ ಕೂತಳು.

"ಒಂದ ಮಾತ ಹೇಳಿದ್ರ ಆಗಿತ್ತಲ್ಲ ಬೇ ನನಗ? ಕಾಕಿ, ನಾ ತಗದೇನಿ ಅಂತ?"

ಹೇಳಬಹುದಾಗಿತ್ತು. ದಿನಾ ನನ್ನ ತಲೆ ಹಿಕ್ಕುತ್ತಿದ್ದವಳು, ಅವಳ ಕೈಗಳು ನನ್ನ ಕಿವಿಯ ಪಕ್ಕದಲ್ಲೇ ಇರುತ್ತಿದ್ದವು. ಎಲ್ಲರ ಮಾತನ್ನೂ ಅನುಮಾನಿಸುವ ನಾನು, ಅವಳನ್ನು ಉಳಿಸಿದೆ ಎಂಬ ನನ್ನ ಮಾತನ್ನು ಮಾತ್ರ ಒಮ್ಮೆಯೂ ಅನುಮಾನಿಸಿರಲಿಲ್ಲ. ನಾನು ಹೊರಗೆ ಬಂದ ಕೋಣೆಯಲ್ಲಿ ಅವಳನ್ನು ಕೂಡಿಹಾಕಿ, ಕೀಲಿಯನ್ನು ತಿಪ್ಪೆಗೆ ಎಸೆದು, ಐವತ್ತು ವರ್ಷ ಕಡಬು ಹೊತ್ತಿದ್ದೆ. ಇದನ್ನೆಲ್ಲ ಬರೆಯಲೇ ಎಂದು ಹೊರಡುವಾಗ ಕೇಳಿದೆ. "ಬರಿ. ಬೀಜದ ಮಾತೂ ಬರಿ, ದಾರದ ಮಾತೂ ಬರಿ. ಆದ್ರ ಕಾಯ್ದಾಕಿ ದುರಗವ್ವನ, ಅದನ್ನ ಬಿಡಬ್ಯಾಡ," ಎಂದಳು. ಅವಳ ಮಾತಿನಂತೆ ಅದನ್ನೂ ಬರೆದಿದ್ದೇನೆ.

ಈ ಚಳಿಗಾಲದಲ್ಲಿ ನನ್ನ ಮಗನಿಗೆ ಹೆಣ್ಣು ಹುಟ್ಟಿತು. ನಿಡೋಣಿಯಿಂದ ಒಂದು ಸಣ್ಣ ಕೌದಿ ಬಂತು. ಕಣ್ಣು ಮಂಜಾದರೂ ಕಾಕಿಯ ಹೊಲಿಗೆಯ ಸಾಲು ಕದಲಿಲ್ಲ. ಸೊಸೆ ಅದನ್ನು ತೊಟ್ಟಿಲಿಗೆ ಹಾಸಲು ಹೋದಳು. ತಡಿ ಎಂದು ನಾಲ್ಕೂ ಮೂಲೆ ಮುಟ್ಟಿ ನೋಡಿದೆ. ಮೂರು ಮೆತ್ತಗಿದ್ದವು. ನಾಲ್ಕನೆಯದರಲ್ಲಿ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಅದನ್ನು ತೊಡೆಯ ಮೇಲಿಟ್ಟುಕೊಂಡು ಅರ್ಧ ಗಂಟೆ ಕೂತೆ. ಎಲ್ಲ ಕೇಳಿದ ಮೇಲೂ ಅವಳು ಹಾಗೆ ಮಾಡಿರಲಾರಳು ಎಂದು ಒಂದು ಮನಸ್ಸು. ಅವಳು ದುರ್ಗವ್ವನನ್ನೇ ಬಿಟ್ಟುಕೊಡದವಳು ಎಂದು ಇನ್ನೊಂದು. ಕಡೆಗೆ ಕತ್ತರಿಯ ತುದಿಯಿಂದ ಹೊಲಿಗೆ ಬಿಚ್ಚಿದೆ. ಒಳಗೆ ಬೆರಳಿನ ಉಗುರಿನಷ್ಟು ಜೋಳದ ರೊಟ್ಟಿಯ ಚೂರು ಇತ್ತು. ಅದಷ್ಟೇ ಇತ್ತು.

ರೊಟ್ಟಿಯನ್ನು ಇದ್ದಲ್ಲೇ ಇಟ್ಟು, ಮೂಲೆ ಹೊಲಿದು, ಫೋನು ತೆಗೆದುಕೊಂಡೆ.

"ಕಾಕಿ, ಕೌದಿ ಮುಟ್ಟಿತು."

"ಮುಟ್ಟಿತಾ? ಕೂಸು ಮಲಗೇತೇನು ಅದರಾಗ?"

"ಇನ್ನೂ ಇಲ್ಲ. ಕಾಕಿ, ನಾ ಮೂಲಿ ಬಿಚ್ಚಿ ನೋಡಿದೆ."

ಆ ಕಡೆ ಅವಳು ಕೆಮ್ಮಿದಳೋ ನಕ್ಕಳೋ.

"ಗೊತ್ತಿತ್ತು ಬಿಡು, ಅನಮಾನದ ಗಂಟು ನೀ. ಮತ್ತ ಹೊಲದ್ಯೋ, ಹಂಗ ಬಿಟ್ಟ್ಯೋ?"

"ಹೊಲದೆ."

"ಯಾವ ದಾರ?"

ಮನೆಯಲ್ಲಿ ಬಿಳಿ ದಾರದ ಉಂಡೆಯೂ ಇತ್ತು. ನಾನು ಅದನ್ನು ತೆಗೆದುಕೊಂಡಿರಲಿಲ್ಲ.

"ಹಸರು," ಎಂದೆ.